ಮೇಸ್ತ್ರಿಯ ಮೆದು ಮೂಳೆ

ಮನುಷ್ಯನಿಗೆ ಹಲ್ಲು ಹೋದರೆ ಬೇಜಾರಾಗುವುದು ಸಹಜ. ಆದರೆ ನಮ್ಮ ಮೇಸ್ತ್ರಿಗೆ ಬೇಜಾರಾದದ್ದು ಹಲ್ಲು ಹೋದದ್ದಕ್ಕಲ್ಲ, ಹಲ್ಲು ಕೂರಿಸುವ ಕೆಲಸ ಇನ್ನೊಬ್ಬರ ಕೈಗೆ ಹೋಯಿತಲ್ಲ ಎಂಬುದಕ್ಕೆ. ದವಡೆಗೆ ತೂತು ಕೊರೆದು, ಅದರೊಳಗೆ ತಿರುಪು ತಿರುಗಿಸಿ, ತಿರುಪಿನ ಮೇಲೆ ಹಲ್ಲು ಕೂರಿಸುತ್ತಾರಂತೆ ಎಂದು ಹೆಂಡತಿ ಎಲ್ಲಿಂದಲೋ ಕೇಳಿಕೊಂಡು ಬಂದು ಹೇಳಿದಾಗ ಅವನ ಬಾಯಿಂದ ಬಂದ ಮೊದಲ ಮಾತು, "ಕೊರೆಯೋದು, ತಿರುಗಿಸೋದು ಅಂದ್ಮೇಲೆ ಅದು ನಮ್ಮ ಕಸುಬಲ್ವೇನೇ?"

"ನಿಮ್ಮ ಬಾಯಿಗೆ ನೀವೇ ಡ್ರಿಲ್ ಹಾಕ್ಕೋತೀರಾ?" ಎಂದಳು ಹೆಂಡತಿ. "ಸುಮ್ನೆ ಡಾಕ್ಟ್ರ ಹತ್ರ ಹೋಗಿ. ಒಂದೇ ಕಡೆ ಅಗಿದೂ ಅಗಿದೂ ಮುಖವೇ ಸೊಟ್ಟ ಆಗ್ತಾ ಇದೆ."

ಮೂವತ್ತೆರಡು ವರ್ಷದಿಂದ ಗೋಡೆಗೆ ಕಪಾಟು ಕೂರಿಸುವುದೇ ಮೇಸ್ತ್ರಿಯ ಕೆಲಸ. ಮರ ಮುಟ್ಟಿ ನೋಡಿ, ಗೋಡೆ ಬೆರಳಲ್ಲಿ ಕುಟ್ಟಿ ನೋಡಿ, ಯಾವ ತಿರುಪು ಎಷ್ಟು ಹಿಡಿಯುತ್ತದೆಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಅವನ ಕೈಯ ಕಪಾಟು ಈವರೆಗೆ ಒಂದೂ ಬಿದ್ದಿಲ್ಲ. ಈಗ ಒಂದು ದೊಡ್ಡ ಕಚೇರಿಯ ದಾಖಲೆ ಕೋಣೆಗೆ ಇಪ್ಪತ್ತೆಂಟು ಕಪಾಟು ಕೂರಿಸುವ ಕೆಲಸ ಅವನ ಹೆಸರಿಗೆ ಬಂದಿತ್ತು. ಎಲ್ಲವೂ ಆಳೆತ್ತರದ ಮೇಲೆ, ಸೂರಿನವರೆಗೆ. ಅವನ ಜೊತೆಗೆ ಕೆಲಸ ಮಾಡುವವನು ಹೆಂಡತಿಯ ತಮ್ಮ. ಈ ಭಾಮೈದ ಹನ್ನೆರಡು ವರ್ಷದಿಂದ ಏಣಿಯ ಬುಡ ಹಿಡಿದುಕೊಂಡೇ ಇದ್ದಾನೆ. ಏಣಿಯ ತುದಿ ಮಾತ್ರ ಮೇಸ್ತ್ರಿಯದು. ಐವತ್ತೆಂಟರ ವಯಸ್ಸಿನಲ್ಲಿ ಒಮ್ಮೆ ಏಣಿ ಇಳಿದವನನ್ನು ಮತ್ತೆ ಯಾರೂ ಹತ್ತಿಸುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೊಂದು ಭಯ ಅವನಿಗೆ ಸದಾ ಇತ್ತು.

ಭಾಮೈದನನ್ನೇ ಕರೆದುಕೊಂಡು ದಂತವೈದ್ಯೆಯ ಬಳಿಗೆ ಹೋದ. ಆಕೆಗೆ ಅವನ ಮಗಳ ವಯಸ್ಸು. ಬಾಯೊಳಗೆ ಕನ್ನಡಿ ಇಟ್ಟು ನೋಡಿ, ಸ್ಕ್ಯಾನ್ ತೆಗೆಸಿ, ಪರದೆಯ ಮೇಲೆ ಅವನದೇ ದವಡೆಯನ್ನು ದೊಡ್ಡದು ಮಾಡಿ ತೋರಿಸಿದಳು.

"ಇಲ್ನೋಡಿ ಯಜಮಾನ್ರೇ. ಇದು ಮೇಲ್ದವಡೆಯ ಹಿಂಭಾಗ. ಎಲ್ಲರಿಗೂ ಇಲ್ಲಿ ಮೂಳೆ ಸ್ವಲ್ಪ ಮೆದುವೇ. ನಿಮಗೆ ಇನ್ನೂ ಸ್ವಲ್ಪ ಮೆದು."

ಆಗ ಮೇಸ್ತ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ತೇಗದ ಬಾಗಿಲನ್ನು ತೋರಿಸಿ 'ಇದು ಪ್ಯಾಕಿಂಗ್ ಪೆಟ್ಟಿಗೆಯ ಮರವಲ್ಲವೇ' ಎಂದು ಕೇಳಿದ ಹಾಗಾಯಿತು ಅವನಿಗೆ.

"ನನ್ನ ಮೂಳೆ ಮೆದುವಾ? ಡಾಕ್ಟ್ರಮ್ಮ, ಈ ಮೈ ಮೂರು ಸಲ ಏಣಿಯಿಂದ ಬಿದ್ದಿದೆ. ಏಣಿ ಮುರಿದಿದೆ, ಮೈ ಮುರಿದಿಲ್ಲ!"

"ಮೈ ವಿಷಯ ಅಲ್ಲ, ಈ ಒಂದು ಜಾಗದ ವಿಷಯ. ಇಲ್ಲಿಗೆ ನಾಲ್ಕು ಮಿಲಿಮೀಟರ್ ದಪ್ಪ, ಹತ್ತು ಮಿಲಿಮೀಟರ್ ಉದ್ದದ್ದು ಸರಿಹೋಗುತ್ತೆ."

ತಟ್ಟೆಯಲ್ಲಿ ಜೋಡಿಸಿಟ್ಟ ತಿರುಪುಗಳನ್ನು ಮೇಸ್ತ್ರಿ ಎದ್ದು ಕೂತು ನೋಡಿದ. ಎಲ್ಲಕ್ಕಿಂತ ದಪ್ಪದ್ದರ ಮೇಲೆ ಬೆರಳಿಟ್ಟ. "ಮೂಳೆ ಮೆದು ಅಂತೀರಿ, ಮತ್ತೆ ಸಣಕಲು ತಿರುಪು ಹಾಕ್ತೀನಿ ಅಂತೀರಿ. ಇದನ್ನ ಹಾಕಿ."

"ಅದು ಆರು ಮಿಲಿಮೀಟರ್. ನಿಮ್ಮ ಮೂಳೆಯ ಅಗಲವೇ ಏಳು. ಎರಡೂ ಪಕ್ಕಕ್ಕೆ ಅರ್ಧರ್ಧ ಉಳಿಯುತ್ತೆ, ಬಿರುಕು ಬಿಡುತ್ತೆ. ಮೆದು ಮೂಳೆಗೆ ಸ್ವಲ್ಪ ದಪ್ಪದ್ದು ಒಳ್ಳೇದೇ, ನಾನೂ ಒಪ್ತೀನಿ. ಆದ್ರೆ ಸುತ್ತ ಮೂಳೆ ಉಳೀಬೇಕಲ್ಲ? ಅದಕ್ಕೇ ತೂತನ್ನ ತಿರುಪಿಗಿಂತ ಒಂದು ಚೂರು ಚಿಕ್ಕದು ಕೊರೀತೀನಿ. ಒತ್ತಿ ಕೂರುತ್ತೆ."

ತೆಳು ಹಲಗೆಗೆ ದಪ್ಪ ತಿರುಪು ಹಾಕಿದರೆ ಹಲಗೆ ಸೀಳುತ್ತದೆ ಎಂದು ದಿನಕ್ಕೆ ಹತ್ತು ಸಲ ಭಾಮೈದನಿಗೆ ಬೈಯುವವನು ಇದೇ ಮೇಸ್ತ್ರಿ. ಆದರೆ ಸಿಟ್ಟು ನೆತ್ತಿಗೇರಿದವನಿಗೆ ತನ್ನ ಕಸುಬೇ ಮರೆತುಹೋಗುತ್ತದೆ. ಬಾಗಿಲಲ್ಲಿ ನಿಂತಿದ್ದ ಭಾಮೈದನಿಗೂ, ಹೊರಗೆ ಸರದಿಗೆ ಕೂತಿದ್ದ ಹನ್ನೊಂದು ಜನಕ್ಕೂ ಕೇಳುವ ಹಾಗೆ ಗುಡುಗಿದ. "ದಪ್ಪ ತಿರುಪು, ಭದ್ರ ಬಿಗಿ! ಮೂವತ್ತೆರಡು ವರ್ಷದ ಅನುಭವ ಇದು!"

"ನಂದು ಬರೀ ಎಂಟು ವರ್ಷದ್ದು," ಎಂದಳು ವೈದ್ಯೆ ತಣ್ಣಗೆ. "ಆದ್ರೆ ದವಡೆಯಲ್ಲಿ. ಬಾಯಿ ತೆಗೀರಿ."

ಬಾಯಿ ತೆಗೆದವನು ವಾದ ಮಾಡಲಾರ. ಈ ಒಂದು ಅನುಕೂಲ ದಂತವೈದ್ಯರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ. ನಾಲ್ಕರದ್ದೇ ಕೂತಿತು. ಆಮೇಲೆ ಆಕೆ ಒಂದು ಪುಟ್ಟ ಯಂತ್ರವನ್ನು ಬಾಯಿಯ ಹತ್ತಿರ ಹಿಡಿದು, "ಬಿಗಿ ಅರವತ್ತೆರಡು. ಪರವಾಗಿಲ್ಲ," ಎಂದಳು.

"ಎಷ್ಟಕ್ಕೆ?"

"ನೂರಕ್ಕೆ."

ಮೇಸ್ತ್ರಿ ಅರ್ಧ ಮರಗಟ್ಟಿದ ಬಾಯಲ್ಲೇ ಹೌಹಾರಿದ. ಅವನು ಜನ್ಮದಲ್ಲೇ ನೂರಕ್ಕೆ ನೂರು ಬಿಗಿಯಾಗದ ತಿರುಪನ್ನು ಬಿಟ್ಟು ಏಣಿ ಇಳಿದವನಲ್ಲ.

"ಇದು ನೂರು ಆಗೋದಲ್ಲ ಯಜಮಾನ್ರೇ. ಇವತ್ತು ತಿರುಪು ಮೂಳೇನ ಹಿಡ್ಕೊಂಡಿದೆ. ನಾಲ್ಕು ತಿಂಗಳಲ್ಲಿ ಮೂಳೆ ಬೆಳೆದು ತಿರುಪನ್ನ ಹಿಡ್ಕೊಳ್ಳುತ್ತೆ. ನಡುವೆ ಒಂದು ಸಲ ಬಿಗಿ ಸ್ವಲ್ಪ ಇಳಿಯುತ್ತೆ, ಗಾಬರಿ ಬೇಡ. ಅಲ್ಲೀವರೆಗೆ ಆ ಕಡೆ ಅಗೀಬೇಡಿ, ನಾಲಿಗೇಲಿ ಒತ್ತಿ ನೋಡ್ಬೇಡಿ, ಮುಖ್ಯವಾಗಿ ಹಲ್ಲು ಕಡೀಬೇಡಿ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಸ್ತ್ರಿ ಮನೆಗೆ ಬರುವ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ದೂರು ಹೇಳಿದ. ಮೂಲೆಯ ಇಸ್ತ್ರಿಯವನಿಗೆ ಹೇಳಿದ, ಚಹಾದಂಗಡಿಯಲ್ಲಿ ಹೇಳಿದ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರಿಗಂತೂ ಗೇಟು ಹಿಡಿದು ನಿಲ್ಲಿಸಿ ಹೇಳಿದ. "ಕೇಳಿದ್ರಾ ಸಾರ್? ನನ್ನ ಮೂಳೆ ಮೆದುವಂತೆ! ಬಿಗಿ ಬರೀ ಅರವತ್ತೆರಡಂತೆ!"

ಅವನು ಹೇಳಿದ್ದು ರೋಷದಿಂದ. ಅವರು ಕೇಳಿಸಿಕೊಂಡದ್ದು ಕನಿಕರದಿಂದ.

"ಅರವತ್ತೆರಡು ಅಂದ್ರೆ ಫಸ್ಟ್ ಕ್ಲಾಸೇ ಕಣಯ್ಯಾ, ಧೈರ್ಯವಾಗಿರು," ಎಂದರು ಹೆಡ್‌ಮಾಸ್ಟರು, ಅವನ ಹೆಗಲನ್ನು ಮೊಟ್ಟೆ ಮುಟ್ಟುವ ಹಾಗೆ ಮುಟ್ಟಿ. ಅವನು ತನ್ನ ಮನೆಯ ಬಾಗಿಲು ದಾಟುವ ಮೊದಲೇ ಗೇಟಿನಿಂದಲೇ ತಮ್ಮ ಹೆಂಡತಿಯನ್ನು ಕೂಗಿದರು. "ಪಾಪ, ಮೇಸ್ತ್ರಿ ಮೂಳೆಯೆಲ್ಲ ಮೆತ್ತಗಾಗಿದೆಯಂತೆ ಕಣೇ!"

ಸಂಜೆಯೊಳಗೆ ಮನೆಗೆ ಮೂರು ಪಾತ್ರೆ ಹಾಲು ಬಂತು. ಮಾರನೇ ಬೆಳಿಗ್ಗೆ ಮೇಸ್ತ್ರಿ ಒಂದು ಹಳೆ ಬಾಗಿಲನ್ನು ಬೀದಿಗೆ ಎತ್ತಿ ತಂದರೆ ನಾಲ್ಕು ಜನ ಓಡಿಬಂದು ಬಾಗಿಲನ್ನು ಕಿತ್ತುಕೊಂಡರು. ಐದನೆಯವನಿಗೆ ಹಿಡಿಯಲು ಬಾಗಿಲು ಸಿಗದೆ ಮೇಸ್ತ್ರಿಯನ್ನೇ ಹಿಡಿದುಕೊಂಡ.

"ಬಿಡ್ರೋ ನನ್ನ! ಹಲ್ಲಿನ ಮೂಳೆ ಕಣ್ರೋ, ಹಲ್ಲಿಂದು!"

"ಹಲ್ಲಿಂದ್ಲೇ ಶುರುವಾಗೋದು," ಎಂದ ಇಸ್ತ್ರಿಯವನು. ಅವನ ಮಾತನ್ನು ಎಲ್ಲರೂ ತಲೆದೂಗಿ ಒಪ್ಪಿದರು.

ಒಳಗೆ ಬಂದರೆ ಇನ್ನೊಂದು. ಎಂಬತ್ತೆರಡು ವರ್ಷದ ತಾಯಿ, ಹೋದ ವರ್ಷದಿಂದ ಕೋಲಿಲ್ಲದೆ ಎದ್ದವಳೇ ಅಲ್ಲ, ಬಚ್ಚಲಿನಿಂದ ತುಂಬಿದ ಬಕೆಟ್ ಎತ್ತಿಕೊಂಡು ಬರುತ್ತಿದ್ದಾಳೆ.

"ಅಮ್ಮಾ! ಏನಮ್ಮಾ ಇದು, ಇಳಿಸು!"

"ನೀನು ಕೂತ್ಕೋ ಮಗಾ. ನಿನ್ನ ಮೂಳೆ ನಿನಗಿರಲಿ. ನಂದು ಹಳೇ ಕಾಲದ್ದು, ಗಟ್ಟಿ ಇದೆ. ಎಷ್ಟು ಹೇಳ್ದೆ ನಿನಗೆ, ಚಿಕ್ಕೋನಿದ್ದಾಗ ಹಾಲು ಕುಡಿ ಹಾಲು ಕುಡಿ ಅಂತ. ಕೇಳಿದ್ಯಾ?"

ಮೇಸ್ತ್ರಿಗೆ ಹಲ್ಲು ಕಡಿಯಬೇಕೆನ್ನಿಸಿತು. ಅಪ್ಪಣೆ ಇರಲಿಲ್ಲ. ಮನುಷ್ಯನಿಗೆ ಸಿಟ್ಟು ಬರುವಷ್ಟೂ ಬರಿಸಿ, ಹಲ್ಲು ಮಾತ್ರ ಕಡಿಯಬೇಡ ಎನ್ನುವುದು ಯಾವ ಊರಿನ ನ್ಯಾಯವೋ ಕಾಣೆ.

ಐದನೇ ದಿನ ದಾಖಲೆ ಕೋಣೆಯ ಕೆಲಸ ಶುರುವಾಗಬೇಕು. ಏಣಿ ಹೊತ್ತು ಕಚೇರಿಗೆ ಹೋದರೆ ಸುರಕ್ಷತಾ ಅಧಿಕಾರಿ ಬಾಗಿಲಲ್ಲೇ ಕೈ ಅಡ್ಡ ಹಿಡಿದ. ತೆಳ್ಳಗಿನ, ನೀಟಾದ ಮನುಷ್ಯ. ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನು, ಕೈಯಲ್ಲಿ ಸದಾ ಒಂದು ಕಾಗದ.

"ಮೇಸ್ತ್ರಿ, ನಿಮ್ಮ ಮೂಳೆ ಮೆದು ಅಂತ ಸುದ್ದಿ ಬಂದಿದೆ."

"ಯಾರು ಹೇಳಿದ್ದು ಸಾಹೇಬ್ರೇ?"

ಅಧಿಕಾರಿ ಭಾಮೈದನ ಕಡೆ ನೋಡಿದ. ಭಾಮೈದ ಸೂರು ನೋಡಿದ. "ಕೇಳಿದ್ರು ಭಾವ, ಸುಳ್ಳು ಹೇಗೆ ಹೇಳ್ಲಿ?" ಎಂದು ಗೊಣಗಿದ.

"ಎತ್ತರದ ಕೆಲಸಕ್ಕೆ ಆರೋಗ್ಯ ಪತ್ರ ಬೇಕು," ಎಂದ ಅಧಿಕಾರಿ. "ಕಣ್ಣು, ಕಿವಿ, ಎದೆ ನಮ್ಮ ಡಾಕ್ಟ್ರೇ ನೋಡ್ತಾರೆ. ಮೂಳೆ ಕಾಲಂ ಮಾತ್ರ ನಿಮ್ಮ ಮೂಳೇನ ಕೊನೇಲಿ ಯಾರು ಪರೀಕ್ಷೆ ಮಾಡಿದ್ರೋ ಅವರೇ ತುಂಬಬೇಕು. ಹಾಗಂತ ನಿಯಮ."

ಮೇಸ್ತ್ರಿ ಪತ್ರ ಹಿಡಿದು ದಂತವೈದ್ಯೆಯ ಬಳಿಗೆ ಓಡಿದ. ಆಕೆ ಕನ್ನಡಕ ಏರಿಸಿ ಓದಿದಳು. ಮೂಳೆ ಎಂದಿತ್ತು. ಅದರ ಮುಂದೆ ಎರಡೇ ಚೌಕ, ಒಂದು ಗಟ್ಟಿ, ಇನ್ನೊಂದು ಮೆದು.

"ಗಟ್ಟಿ ಅನ್ನೋದಕ್ಕೆ ಒಂದು ಗುರುತು ಹಾಕಿಬಿಡಿ ತಾಯಿ."

"ನಾನು ನೋಡಿರೋದು ನಿಮ್ಮ ಒಂದೇ ಮೂಳೆ ಯಜಮಾನ್ರೇ. ಅದು ಮೆದು. ಸುಳ್ಳು ಬರೆಯೋಕಾಗಲ್ಲ."

"ನನ್ನ ಹೊಟ್ಟೆಪಾಡು ಡಾಕ್ಟ್ರಮ್ಮ!"

ಆಕೆಗೆ ನಿಜವಾಗಿಯೂ ಮರುಕ ಬಂತು. ಯೋಚಿಸಿ, ಯೋಚಿಸಿ, 'ಮೆದು'ವಿನ ಚೌಕಕ್ಕೆ ಗುರುತು ಹಾಕಿ ಪಕ್ಕದಲ್ಲಿ ದುಂಡಗೆ ಬರೆದಳು: 'ಮೇಲ್ದವಡೆಯ ಹಿಂಭಾಗದಲ್ಲಿ ಮಾತ್ರ. ಉಳಿದ ಮೂಳೆಗಳ ಬಗ್ಗೆ ನನಗೆ ಗೊತ್ತಿಲ್ಲ.'

ಅಧಿಕಾರಿ ಅದನ್ನು ಎರಡು ಸಲ ಓದಿದ. "'ಉಳಿದ ಮೂಳೆಗಳ ಬಗ್ಗೆ ಗೊತ್ತಿಲ್ಲ'! ನೋಡಿದ್ರಾ? ವೈದ್ಯರಿಗೇ ಧೈರ್ಯ ಇಲ್ಲ."

"ಸಾಹೇಬ್ರೇ, ನಾನೇನು ಹಲ್ಲಿನ ಮೇಲೆ ನಿಂತು ಏಣಿ ಹತ್ತುತೀನಾ?"

"ಯಾವುದರ ಮೇಲೆ ನಿಂತು ಅಂತ ಪತ್ರದಲ್ಲಿ ಕಾಲಂ ಇಲ್ಲ."

"ಹಾಗಾದ್ರೆ ಬೇರೆ ಡಾಕ್ಟ್ರ ಹತ್ರ ಬರೆಸ್ಕೊಂಡು ಬರ್ತೀನಿ."

"ಒಬ್ಬರಿಗೆ ಒಂದೇ ಪತ್ರ. ಹೊಸದು ಆರು ತಿಂಗಳಾದ ಮೇಲೆ." ಅಧಿಕಾರಿ ಕಾಗದವನ್ನು ಫೈಲಿಗೆ ಸೇರಿಸಿದ. "ಬೇಸರ ಮಾಡ್ಕೋಬೇಡಿ. ನಿಮ್ಮ ಭಾಮೈದ ಇದ್ದಾನಲ್ಲ. ಗಟ್ಟಿ ಹುಡುಗ."

ನಲವತ್ತೈದು ವರ್ಷದ ಗಟ್ಟಿ ಹುಡುಗ ಏಣಿ ಹತ್ತಿದ. ಬುಡ ಹಿಡಿಯಲೂ ಮೇಸ್ತ್ರಿಗೆ ಅನುಮತಿ ಇರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಬೆಳಿಗ್ಗೆ ಹತ್ತು ಗಂಟೆಗೆ ಬರಿಗೈಯಲ್ಲಿ ಮನೆಗೆ ನಡೆದು ಬಂದ. ಹೆಂಡತಿ ಒಂದು ಲೋಟ ಹಾಲು ತಂದು ಮುಂದಿಟ್ಟಳು. ಅದರಿಂದ ನೋವು ಇನ್ನೂ ಹೆಚ್ಚಾಯಿತು.

ಮುಂದಿನ ಮೂರು ವಾರ ಮನೆಯವರು ಅನುಭವಿಸಿದ್ದು ಅವರಿಗೇ ಗೊತ್ತು. ಕೆಲಸವಿಲ್ಲದ ಮೇಸ್ತ್ರಿ ಮನೆಯ ಪ್ರತಿಯೊಂದು ತಿರುಪನ್ನೂ ಬಿಚ್ಚಿ ಮತ್ತೆ ಬಿಗಿ ಮಾಡಿದ. ಕಿಟಕಿಗಳು ತೆರೆಯದಾದವು. ಕುಕ್ಕರಿನ ಹಿಡಿ ಎಷ್ಟು ಬಿಗಿಯಾಯಿತೆಂದರೆ ಹೆಂಡತಿ ಮುಚ್ಚಳ ಹಾಕಲಾರದೆ ಎರಡು ದಿನ ಪಾತ್ರೆಯಲ್ಲೇ ಅನ್ನ ಬಸಿದಳು. ಸಂಜೆ ಭಾಮೈದ ಬಂದು, "ಇವತ್ತು ಎರಡು ಕೂರಿಸ್ದೆ ಭಾವ," ಎಂದು ಹೇಳಿದಾಗಲೆಲ್ಲ ಮೇಸ್ತ್ರಿ ಎದ್ದು ಒಳಗೆ ಹೋಗುತ್ತಿದ್ದ. ಯಾವ ಗೋಡೆ, ಯಾವ ತಿರುಪು ಎಂದು ಒಂದು ಸಲವೂ ಕೇಳಲಿಲ್ಲ. ಹೊಟ್ಟೆಯುರಿಗೆ ಕಿವಿ ಇರುವುದಿಲ್ಲ.

ನಾಲ್ಕನೇ ವಾರ ಹೆಂಡತಿಯ ಜೊತೆ ದಂತವೈದ್ಯೆಯ ಬಳಿ ತೋರಿಸಲು ಹೋದ. ಆಕೆ ಯಂತ್ರ ಹಿಡಿದು, "ಐವತ್ತೆಂಟು," ಎಂದಳು.

"ಇಳೀತಾ!"

"ಇಳಿಯುತ್ತೆ ಅಂದಿದ್ದೆನಲ್ಲ. ಹಳೇ ಮೂಳೆ ಕರಗಿ ಹೊಸದು ಬರ್ತಾ ಇದೆ. ಈಗ ತಾಳ್ಮೆ ಬೇಕು ಅಷ್ಟೇ."

"ಐವತ್ತೆಂಟು. ನನ್ನ ವಯಸ್ಸೂ ಅಷ್ಟೇ," ಎಂದ ಮೇಸ್ತ್ರಿ ಸೋತ ದನಿಯಲ್ಲಿ. ಎರಡೂ ಮುಗಿದುಹೋದ ಲೆಕ್ಕ ಎಂದು ಅವನಿಗೆ ಅನ್ನಿಸಿತ್ತು. ವೈದ್ಯೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

"ಭಾವಾ," ಎಂದು ಭಾಮೈದನ ದನಿ ಏದುಸಿರಿನಲ್ಲಿ ಬಂತು. "ದಾಖಲೆ ಕೋಣೆಗೆ ಬೇಗ ಬನ್ನಿ. ಒಂದು ಕೈ ಮಾತ್ರ ಖಾಲಿ ಇದೆ, ಅದೂ ಇನ್ನು ಸ್ವಲ್ಪ ಹೊತ್ತಿಗೆ."

ಹೋಗಿ ನೋಡಿದರೆ ಕಣ್ಣು ತುಂಬುವ ನೋಟ. ಎಡಗೋಡೆಯ ಕೊನೆಯ ನಾಲ್ಕು ಕಪಾಟು ಫೈಲು ತುಂಬಿಕೊಂಡು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಬಾಗಿವೆ. ಒಂದು ತುದಿಗೆ ಭಾಮೈದ ಪೆಟ್ಟಿಗೆಯೊಂದನ್ನು ಹತ್ತಿ ಹೆಗಲು ಕೊಟ್ಟು ನಿಂತಿದ್ದಾನೆ. ಇನ್ನೊಂದು ತುದಿಗೆ ಸುರಕ್ಷತಾ ಅಧಿಕಾರಿ ಸ್ಟೂಲಿನ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ, ತಲೆಯನ್ನೂ ಆನಿಸಿ ಹಿಡಿದಿದ್ದಾನೆ. ಮಧ್ಯಾಹ್ನದ ಊಟದ ಹೊತ್ತು. ಕಚೇರಿಯಲ್ಲಿ ಬೇರೆ ನರಪಿಳ್ಳೆ ಇಲ್ಲ.

ಮೇಸ್ತ್ರಿ ಗೋಡೆಯನ್ನು ಬೆರಳಲ್ಲಿ ಕುಟ್ಟಿದ. ಹಗುರ ಇಟ್ಟಿಗೆ, ಪೊಳ್ಳು ಸದ್ದು. ಇಟ್ಟಿಗೆಯ ಅಂಚಿಗೇ ಹೆಬ್ಬೆರಳಿನಷ್ಟು ದಪ್ಪನೆಯ ತಿರುಪು. ಸುತ್ತ ಬಿರುಕು.

"ಯಾರೋ ಹೇಳಿದ್ದು ನಿನಗೆ ಈ ಗೋಡೆಗೆ ಇಷ್ಟು ದಪ್ಪದ್ದು ಹಾಕು ಅಂತ?"

"ನೀವೇ ಅಲ್ವಾ ಭಾವ!" ಭಾಮೈದನಿಗೆ ಅಳುವೇ ಬಂತು. "ಡಾಕ್ಟ್ರಮ್ಮನ ಹತ್ರ ಅಷ್ಟು ಕೂಗಿ ಹೇಳಿದ್ರಲ್ಲ. ದಪ್ಪ ತಿರುಪು, ಭದ್ರ ಬಿಗಿ ಅಂತ!"

ಹನ್ನೆರಡು ವರ್ಷದಲ್ಲಿ ಇವನು ಮೇಸ್ತ್ರಿಯ ಮಾತು ಕೇಳಿದ್ದು ಅದೊಂದೇ ಸಲ. ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಮುಖ ನೋಡಿದ.

"ಮೇಸ್ತ್ರಿ," ಎಂದ ಅಧಿಕಾರಿ ಕಪಾಟಿನ ಅಡಿಯಿಂದ. "ಏನಾದ್ರೂ ಮಾಡ್ರೀ."

ಮೇಸ್ತ್ರಿ ನಿಧಾನವಾಗಿ ಒಂದು ಕುರ್ಚಿ ಎಳೆದು ಕೂತ. "ನಾನು ಏಣಿ ಹತ್ತೋ ಹಾಗಿಲ್ಲ ಸಾಹೇಬ್ರೇ. ನನ್ನ ಮೂಳೆ ಮೆದು."

"ಅಯ್ಯೋ, ಈಗ ಅದೆಲ್ಲ ಯಾಕ್ರೀ!"

"ಪತ್ರ ಇದೆಯಲ್ಲ. ಬಿದ್ದು ಪುಡಿಯಾಗಿ ಹೋದ್ರೆ ನಿಮ್ಮ ತಲೆ ಮೇಲೆ ಬರುತ್ತೆ."

"ಈಗೇನು ಬಂದಿಲ್ವಾ ನನ್ನ ತಲೆ ಮೇಲೆ?" ಎಂದು ಅಧಿಕಾರಿ ಕಿರುಚಿದ. ಕಪಾಟು ಅರ್ಧ ಬೆರಳು ಇಳಿಯಿತು. ಆದರೂ ಅವನು ಅಧಿಕಾರಿಯೇ. ಉಸಿರೆಳೆದುಕೊಂಡು, "ವಿಶೇಷ ಸಂದರ್ಭದಲ್ಲಿ ಅನುಮತಿ ಕೊಡೋ ಅಧಿಕಾರ ನನಗಿದೆ. ಫೈಲು ಮೇಜಿನ ಮೇಲಿದೆ. ಆದ್ರೆ ನನ್ನ ಸಹಿ ಬೇಕು," ಎಂದ.

"ಹಾಕಿ."

"ಕೈ ಎಲ್ಲಿದೆ ರೀ ಹಾಕೋಕೆ!"

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ಥೂ, ನಿಮ್ಮಿಬ್ಬರ ಹಟಕ್ಕೆ ನನ್ನ ತಮ್ಮ ಸಾಯ್ತಾನೆ!" ಎನ್ನುತ್ತ ಫೈಲು ತಂದಳು, ಸ್ಟೂಲಿನ ಪಕ್ಕ ಕುರ್ಚಿ ಹತ್ತಿದಳು, ಅಧಿಕಾರಿಯ ಜೇಬಿನ ಪೆನ್ನು ಕಿತ್ತು ಅವನ ಬಾಯಿಗೆ ತುರುಕಿದಳು. ಫೈಲನ್ನು ಮೂಗಿನ ಕೆಳಗೆ ಹಿಡಿದಳು. ಅಧಿಕಾರಿ ಪೆನ್ನನ್ನು ಹಲ್ಲಲ್ಲಿ ಕಚ್ಚಿ, ಕತ್ತು ಎಡಕ್ಕೂ ಬಲಕ್ಕೂ ತಿರುಗಿಸಿ, ಕಣ್ಣಲ್ಲಿ ನೀರು ಸುರಿಸುತ್ತ, 'ಅನುಮತಿಸಲಾಗಿದೆ' ಎಂದು ಬರೆದು ಸಹಿ ಮಾಡಿದ. ಎದುರಿಗೆ ಕೂತ ಮೇಸ್ತ್ರಿ ಅವನ ಬಾಯನ್ನೇ ನೆಟ್ಟ ಕಣ್ಣಿಂದ ನೋಡುತ್ತಿದ್ದ.

"ದಿನಾಂಕ?" ಎಂದ ಮೇಸ್ತ್ರಿ.

"ರೀ!" ಎಂದಳು ಹೆಂಡತಿ.

ಆಮೇಲೆ ಮೇಸ್ತ್ರಿ ಎದ್ದ. ಮೂಲೆಯಲ್ಲಿದ್ದ ಎರಡು ತೊಲೆ ತಂದು ಕಪಾಟಿನ ಅಡಿಗೆ ಆಸರೆ ಕೊಟ್ಟ. ಭಾಮೈದನೂ ಅಧಿಕಾರಿಯೂ ಇಳಿದು ಬಂದು ನೆಲದ ಮೇಲೆ ಕಾಲು ಚಾಚಿ ಕೂತರು. ಮೇಸ್ತ್ರಿ ಏಣಿ ನಿಲ್ಲಿಸಿ, ಅದರ ಮೊದಲ ಮೆಟ್ಟಿಲ ಮೇಲೆ ಪಾದ ಇಟ್ಟಾಗ ಅವನ ಎದೆ ತುಂಬಿ ಬಂತು. ತುದಿಗೆ ಹತ್ತಿ, ಒಂದೊಂದೇ ದಪ್ಪ ತಿರುಪನ್ನು ಬಿಚ್ಚಿ ಕೆಳಗೆ ಹಾಕಿದ. ಇಟ್ಟಿಗೆಯ ನಡುಮಧ್ಯ ನೋಡಿ ಹೊಸ ತೂತು ಕೊರೆದ.

"ಇಷ್ಟು ಸಣ್ಣ ತಿರುಪು ಹಿಡಿಯುತ್ತಾ?" ಎಂದು ಅಧಿಕಾರಿ ಕೆಳಗಿನಿಂದ ಅನುಮಾನಪಟ್ಟ. "ಆ ದಪ್ಪದ್ದೇ ನಿಲ್ಲಲಿಲ್ಲ."

"ಗೋಡೆ ಮೆದು ಸಾಹೇಬ್ರೇ. ದಪ್ಪದ್ದು ಹಾಕಿದ್ರೆ ಸುತ್ತ ಏನು ಉಳಿಯುತ್ತೆ? ಬಿರುಕು ಬಿಡುತ್ತೆ. ತೂತನ್ನ ತಿರುಪಿಗಿಂತ ಒಂದು ಚೂರು ಚಿಕ್ಕದು ಕೊರೀಬೇಕು. ಒತ್ತಿ ಕೂರುತ್ತೆ."

"ಇದು ಡಾಕ್ಟ್ರಮ್ಮ ಹೇಳಿದ್ದು," ಎಂದ ಭಾಮೈದ ಥಟ್ಟನೆ. "ಬಾಗಿಲಲ್ಲಿ ನಿಂತು ನಾನೂ ಕೇಳಿಸ್ಕೊಂಡೆ."

"ಕೇಳಿಸ್ಕೊಂಡ್ಯಲ್ಲ, ಮತ್ತೆ ಅದನ್ನ ಯಾಕೋ ಮಾಡ್ಲಿಲ್ಲ?"

"ನೀವು ಅವರಿಗಿಂತ ಜೋರಾಗಿ ಹೇಳಿದ್ರಿ ಭಾವ."

ಮೇಸ್ತ್ರಿ ಗೋಡೆಯ ಕಡೆ ತಿರುಗಿ ಮುಂದಿನ ತಿರುಪು ತಿರುಗಿಸಿದ. ನಾಲ್ಕನೇ ಕಪಾಟು ಗೋಡೆಗೆ ಅಂಟಿ ಕೂತ ಮೇಲೆ ಎರಡೂ ಕೈಯಲ್ಲಿ ಜೋತುಬಿದ್ದು ನೋಡಿದ. ಕಪಾಟು ಮಿಸುಕಲಿಲ್ಲ. ಉಳಿದ ಇಪ್ಪತ್ನಾಲ್ಕನ್ನೂ ನಾಳೆಯಿಂದ ತಾನೇ ಬಿಚ್ಚಿ ಕೂರಿಸುವುದಾಗಿ ಏಣಿಯ ಮೇಲಿಂದಲೇ ಘೋಷಿಸಿದ. ಭಾಮೈದ ತಾನಾಗಿಯೇ ಎದ್ದು ಬಂದು ಏಣಿಯ ಬುಡ ಹಿಡಿದುಕೊಂಡ.

ಮೇಸ್ತ್ರಿ ಇಳಿದು ಬಂದಾಗ ಅಧಿಕಾರಿ ಇನ್ನೂ ನೆಲದ ಮೇಲೆಯೇ ಕೂತು ಬಲಗೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡಿದ್ದ. ಮೇಸ್ತ್ರಿ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ.

"ಸಹಿ ಹಾಕುವಾಗ ನೋಡ್ದೆ ಸಾಹೇಬ್ರೇ. ಬಲಗಡೆ ಮೇಲಿನ ಹಲ್ಲು ಚೆನ್ನಾಗಿ ಅಲ್ಲಾಡ್ತಾ ಇದೆ. ಇನ್ನೊಂದು ಸಹಿ ಹಾಕಿದ್ರೆ ಪೆನ್ನಿನ ಜೊತೆಗೇ ಬರುತ್ತೆ."

ಅಧಿಕಾರಿ ಆ ಕಡೆ ಈ ಕಡೆ ನೋಡಿ ತಲೆಯಾಡಿಸಿದ. "ಎರಡು ತಿಂಗಳಿಂದ. ಯಾರಿಗೂ ಹೇಳಿಲ್ಲ. ಯಾರಾದ್ರೂ ಒಳ್ಳೆ ಡಾಕ್ಟ್ರು ಗೊತ್ತಾ?"

"ಗೊತ್ತು. ಚಿಕ್ಕ ವಯಸ್ಸು, ಕೆಲಸ ಬಲ್ಲೋಳು. ಎಷ್ಟು ದಪ್ಪದ್ದು ಹಾಕ್ತೀನಿ ಅಂತಾಳೋ ಅಷ್ಟೇ ಹಾಕಿಸ್ಕೊಳ್ಳಿ, ಎದುರು ಮಾತಾಡ್ಬೇಡಿ." ಮೇಸ್ತ್ರಿ ಎದ್ದು ಮಂಡಿಯ ಧೂಳು ಕೊಡವಿಕೊಂಡ. "ಇನ್ನೊಂದು ಮಾತು. ಮೂಳೆ ಮೆದು ಅಂದ್ಲೋ, ಅಲ್ಲಿಂದ ಸೀದಾ ಮನೆಗೆ ಹೋಗಿ, ಬಾಗಿಲು ಹಾಕ್ಕೊಂಡು, ಹೆಂಡತಿಗೂ ಹೇಳದೆ ಮಲಗಿಬಿಡಿ. ಇಲ್ದಿದ್ರೆ ನಾಳೆಯಿಂದ ನಿಮ್ಮನ್ನ ಈ ಸ್ಟೂಲೂ ಹತ್ತೋಕೆ ಬಿಡಲ್ಲ."